ಯಮಾಶಿತಾ ತತ್ಸುರೊ ಹಾಡುಗಳನ್ನು ಕೇಳೋಕೆ ಎಲ್ಲಿಂದ ಶುರು ಮಾಡಬೇಕು

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಫೋನ್ ತೆಗೆದು ಸ್ಪಾಟಿಫೈನಲ್ಲಿ ಈ ಹೆಸರು ಹುಡುಕಿದರೆ ಹೆಚ್ಚುಕಮ್ಮಿ ಏನೂ ಸಿಗುವುದಿಲ್ಲ. ಅದು ನಿಮ್ಮ ತಪ್ಪಲ್ಲ, ನಮ್ಮ ದೇಶದಲ್ಲಿ ಸಿಗುತ್ತಿಲ್ಲ ಅಂತಲೂ ಅಲ್ಲ. ಅವರು ತಮ್ಮ ಆಲ್ಬಂಗಳನ್ನು ಸ್ಟ್ರೀಮಿಂಗಿಗೆ ಕೊಟ್ಟೇ ಇಲ್ಲ. ಹಾಡು ಕಟ್ಟುವ ಕೆಲಸದಲ್ಲಿ ಕೈಯಿಡದವರು ಹಾಡುಗಳನ್ನು ಹಂಚಿ ಲಾಭ ಮಾಡಿಕೊಳ್ಳುವುದು ಸರಿಯಲ್ಲ, ತಾವು ಬದುಕಿರುವಷ್ಟು ಕಾಲ ಬಹುಶಃ ಕೊಡುವುದಿಲ್ಲ ಎನ್ನುವ ಅರ್ಥದಲ್ಲಿ 2022ರ ಒಂದು ಸಂದರ್ಶನದಲ್ಲಿ ನೇರವಾಗಿಯೇ ಹೇಳಿದ್ದಾರೆ. ಹಾಗಾಗಿ ಇವರ ಹಾಡು ಬೇಕೆಂದರೆ ನಾವೇ ಸ್ವಲ್ಪ ಓಡಾಡಬೇಕು. ಆ ಓಡಾಟ ಹೇಗೆ, ಯಾವುದನ್ನು ಮೊದಲು ಕೇಳಬೇಕು, ಕೇಳುವಾಗ ಕಿವಿ ಎಲ್ಲಿಡಬೇಕು ಅನ್ನೋದನ್ನು ಬರೆಯುತ್ತಿದ್ದೇನೆ.

ಯಾರಿವರು ಅಂತ ಚಿಕ್ಕದಾಗಿ ಹೇಳುವುದಾದರೆ, 1953ರ ಫೆಬ್ರವರಿ 4ರಂದು ಟೋಕಿಯೊದಲ್ಲಿ ಹುಟ್ಟಿದವರು. ಹಾಡುವವರು, ರಾಗ ಹಾಕುವವರು, ಅರೇಂಜ್ ಮಾಡುವವರು, ಗಿಟಾರ್ ಬಾರಿಸುವವರು, ತಮ್ಮ ಆಲ್ಬಂಗಳಿಗೆ ತಾವೇ ಪ್ರೊಡ್ಯೂಸರ್. ಈಗ ಸಿಟಿ ಪಾಪ್ ಅಂತ ಎಲ್ಲರೂ ಕರೆಯುವ 70-80ರ ದಶಕದ ಜಪಾನಿ ಸಂಗೀತದ ಮಾತು ಬಂದಾಗೆಲ್ಲ ಮೊದಲು ಬರುವ ಹೆಸರು ಇವರದು. ಆದರೆ ಆ ಹಣೆಪಟ್ಟಿ ಹಿಡಿದು ಹೊರಟರೆ ಸಮುದ್ರ, ಬೇಸಿಗೆ, ಕಾರು, ನಿಯಾನ್ ದೀಪ ಅಷ್ಟೇ ಕಾಣುತ್ತದೆ. ಇವರ ಬೇರು ಅಮೆರಿಕದ ಸೋಲ್ ಸಂಗೀತದಲ್ಲಿದೆ, ಬೀದಿ ಮೂಲೆಯಲ್ಲಿ ನಾಲ್ಕೈದು ಹುಡುಗರು ನಿಂತು ವಾದ್ಯವಿಲ್ಲದೆ ಹಾಡುತ್ತಿದ್ದ ಡೂ-ವಾಪ್‌ನಲ್ಲಿದೆ, ಅಲ್ಲಿನ ಬೀಚ್ ಬಾಯ್ಸ್ ತಂಡದ ಪದರಪದರದ ದನಿಗಳಲ್ಲಿದೆ. ಅದಕ್ಕೇ ನನ್ನ ಮೊದಲ ಸಲಹೆ: ಮುಂದೆ ಹಾಡುವ ದನಿಯನ್ನಲ್ಲ, ಹಿಂದೆ ಕೇಳಿಸುವ ದನಿಗಳನ್ನು ಹಿಡಿಯಿರಿ. ಆ ಹಿಂದಿನ ಕೋರಸ್‌ನಲ್ಲಿ ಕೇಳುವ ದನಿಗಳಲ್ಲಿ ಬಹುಪಾಲು ಇವರೊಬ್ಬರದೇ. ಒಂದರ ಮೇಲೊಂದು ರೆಕಾರ್ಡ್ ಮಾಡಿ ಪೇರಿಸಿದ್ದು. ಇದೊಂದು ತಲೆಯಲ್ಲಿದ್ದರೆ ಐವತ್ತು ವರ್ಷದ ಅವರ ಕೆಲಸ ತಾನಾಗೇ ಬಿಚ್ಚಿಕೊಳ್ಳುತ್ತದೆ.

ನೀವು ಈಗಾಗಲೇ ಕೇಳಿದ್ದೀರಿ

ಜಪಾನಿನ ಅನಿಮೇಷನ್ ಸ್ಟುಡಿಯೊ ಘಿಬ್ಲಿಯ ‘ಕಿಕಿಸ್ ಡೆಲಿವರಿ ಸರ್ವಿಸ್’ ನೋಡಿದ್ದೀರಾ? ಹುಡುಗಿ ಪೊರಕೆ ಮೇಲೆ ಕುಳಿತು ಮನೆ ಬಿಟ್ಟು ಹೊರಟಾಗ ರೇಡಿಯೊದಲ್ಲಿ ಹಳೇ ರಾಕ್ ಅಂಡ್ ರೋಲ್ ಥರದ ಹಾಡೊಂದು ಶುರುವಾಗುತ್ತದಲ್ಲ, ಅದು ಅರಾಯ್ ಯೂಮಿ 1975ರಲ್ಲಿ ಹಾಡಿದ್ದು. ಅದರ ಹಿಂದಿನ ಕೋರಸ್‌ನಲ್ಲಿ ಇರುವವರಲ್ಲಿ ಯಮಾಶಿತಾ ಒಬ್ಬರು. ಜೊತೆಗೆ ಒನುಕಿ ತಾಯೆಕೊ, ಯೋಶಿದಾ ಮಿನಾಕೊ, ಇತೊ ಗಿಂಜಿ. ಆಗ ಇವರಿಗೆ ವಯಸ್ಸು ಇಪ್ಪತ್ತೆರಡು. ಇವತ್ತೇ ಆ ಹಾಡನ್ನು ಇನ್ನೊಮ್ಮೆ ಹಾಕಿ. ಯೂಮಿಯವರ ದನಿಯನ್ನು ಬಿಟ್ಟು ಹಿಂದೆ ಮಾತ್ರ ಕೇಳಿ. ಖರ್ಚಿಲ್ಲದೆ ಮಾಡಬಹುದಾದ ಮೊದಲ ಪಾಠ ಇದು.

ಹೊಸೊದಾ ಮಾಮೊರು ನಿರ್ದೇಶಿಸಿದ ‘ಸಮ್ಮರ್ ವಾರ್ಸ್’ ನೋಡಿದವರೂ ಇವರನ್ನು ಕೇಳಿದ್ದಾರೆ. 2009ರ ಆ ಚಿತ್ರದ ಶೀರ್ಷಿಕೆ ಗೀತೆ ಇವರದೇ. 2018ರ ‘ಮಿರಾಯ್’ನಲ್ಲೂ ಇವರ ಹಾಡಿದೆ. ಇನ್ನು ರ‍್ಯಾಪ್ ಕೇಳುವವರಿಗೆ ಟೈಲರ್ ದ ಕ್ರಿಯೇಟರ್ ಗೊತ್ತಿರುತ್ತದೆ. 2019ರ ‘ಇಗೋರ್’ ಆಲ್ಬಂನ ‘ಗಾನ್, ಗಾನ್’ ಹಾಡಿನಲ್ಲಿ ಬರುವ ಒಂದು ರಾಗ ಯಮಾಶಿತಾ ಅವರ 1998ರ ‘ಫ್ರಾಜೈಲ್’ನಿಂದ ಬಂದದ್ದು.

‘ಪ್ಲಾಸ್ಟಿಕ್ ಲವ್’ ಬಗ್ಗೆ ಹೇಳದೇ ಇರೋಕೆ ಆಗಲ್ಲ. ಹಾಡಿದ್ದು, ಬರೆದದ್ದು, ರಾಗ ಹಾಕಿದ್ದು ತಾಕೆಯುಚಿ ಮರಿಯಾ. 1982ರಲ್ಲಿ ಮರಿಯಾ ಮತ್ತು ಯಮಾಶಿತಾ ಮದುವೆಯಾದರು, 1984ರಲ್ಲಿ ಮರಿಯಾ ಅವರ ‘ವೆರೈಟಿ’ ಎಂಬ ಆಲ್ಬಂ ಬಂತು, ಅದರಲ್ಲಿ ಈ ಹಾಡಿದೆ. ಅರೇಂಜ್ ಮಾಡಿದ್ದು, ಪ್ರೊಡ್ಯೂಸ್ ಮಾಡಿದ್ದು, ಗಿಟಾರ್ ಬಾರಿಸಿದ್ದು ಯಮಾಶಿತಾ. 2017ರಲ್ಲಿ ಯಾರೋ ಅಭಿಮಾನಿ ಯೂಟ್ಯೂಬಿಗೆ ಹಾಕಿದ ಮೇಲೆ ಜಗತ್ತೆಲ್ಲ ಕೇಳಿತು. ಪೂರ್ಣ ಅಧಿಕೃತ ವೀಡಿಯೊ 2021ರಲ್ಲಿ ಬಂತು. ಇದನ್ನು ಕೇಳಿ ಇಷ್ಟಪಟ್ಟವರು ಸುಮಾರು ಜನ ಅಲ್ಲೇ ನಿಂತುಬಿಡುತ್ತಾರೆ, ಅದೇ ನನಗೆ ಬೇಜಾರು. ಆ ಹಾಡಿನಲ್ಲಿ ನಿಮಗೆ ಹಿಡಿಸಿದ್ದು ಡ್ರಮ್ಸ್ ಮತ್ತು ಬೇಸ್ ಆಗಿದ್ದರೆ ಅದು ಅಓಯಾಮಾ ಜುನ್ ಮತ್ತು ಇತೊ ಕೋಕಿ. ಆ ಜೋಡಿ 1980ರಿಂದ ಯಮಾಶಿತಾ ಅವರ ಜೊತೆಗಿತ್ತು. ಅಂದರೆ ನೀವು ಬಾಗಿಲಿಗೆ ಬಂದಾಗಿದೆ, ಒಳಗೆ ಹೋಗೋದಷ್ಟೇ ಬಾಕಿ.

ಶುರು 1980ರಿಂದ

ಯಾವುದೇ ಗಾಯಕರನ್ನು ಹೊಸದಾಗಿ ಕೇಳುವಾಗ ಮೊದಲ ಆಲ್ಬಂನಿಂದ ವರ್ಷಾನುಸಾರ ಹೋಗಬೇಕು ಅಂತ ಅನಿಸುತ್ತದೆ. ನಾನೂ ಹಾಗೇ ಮಾಡಿದೆ. ಇವರ ವಿಷಯದಲ್ಲಿ ಬೇಡ. ಆರಂಭದ ಆಲ್ಬಂಗಳು ತುಂಬ ಒಳ್ಳೆಯವು, ಆದರೆ ಅವುಗಳಲ್ಲಿ ಏನಾಗುತ್ತಿದೆ ಅಂತ ಗೊತ್ತಾಗೋಕೆ ಮುಂದೆ ಏನಾಯಿತು ಅಂತ ಮೊದಲು ಗೊತ್ತಿರಬೇಕು.

1980ರ ಮೇ ತಿಂಗಳಲ್ಲಿ ‘ರೈಡ್ ಆನ್ ಟೈಮ್’ ಸಿಂಗಲ್ ಬಂತು. ಮ್ಯಾಕ್ಸೆಲ್ ಕ್ಯಾಸೆಟ್ ಟೇಪಿನ ಟಿವಿ ಜಾಹೀರಾತಿಗೆ ಬಳಸಿದ ಹಾಡು, ಜಾಹೀರಾತಿನಲ್ಲಿ ಅವರೇ ಕಾಣಿಸಿಕೊಂಡರು. ಮುಖ ತೋರಿಸೋಕೆ ಅಷ್ಟಾಗಿ ಇಷ್ಟಪಡದ ಮನುಷ್ಯ, ಅಲ್ಲಿ ಸಮುದ್ರದಲ್ಲಿ ನಿಂತಿದ್ದಾರೆ. ಹಾಡು ಜಪಾನಿನ ಮಾರಾಟದ ಪಟ್ಟಿಯಾದ ಓರಿಕಾನ್‌ನಲ್ಲಿ 3ನೇ ಸ್ಥಾನ ಮುಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಬಂದ ಅದೇ ಹೆಸರಿನ ಆಲ್ಬಂ 1ನೇ ಸ್ಥಾನಕ್ಕೆ ಹೋಯಿತು. ಇಪ್ಪತ್ತೇಳನೇ ವಯಸ್ಸಿಗೆ ಮೊದಲ ದೊಡ್ಡ ಗೆಲುವು. ಈ ಆಲ್ಬಂನಿಂದ ಶುರು ಮಾಡಿ. ಪಲ್ಲವಿಯಲ್ಲಿ ದನಿ ಹೇಗೆ ತೆರೆದುಕೊಳ್ಳುತ್ತದೆ ನೋಡಿ. ಅಲ್ಲಿ ಎಲ್ಲೂ ಕಿರುಚಾಟ ಇಲ್ಲ, ಗಂಟಲು ಬಿಗಿದು ಏರುವುದೂ ಇಲ್ಲ. ಎದೆಯ ದನಿಯೇ ಹಾಗೇ ಮೇಲೆ ಹೋಗುತ್ತದೆ, ನೀಳವಾಗಿ ನಿಲ್ಲುತ್ತದೆ.

ಒಂದು ವಾರ ಇದೊಂದೇ ಕೇಳಿದರೂ ನಷ್ಟ ಏನಿಲ್ಲ. ಆಮೇಲೆ ತಕ್ಷಣ, ತಡ ಮಾಡದೆ, ಅದೇ ವರ್ಷ ಡಿಸೆಂಬರಿನಲ್ಲಿ ಬಂದ ‘ಆನ್ ದ ಸ್ಟ್ರೀಟ್ ಕಾರ್ನರ್’ ಹಾಕಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಹಾಡುಗಳು, ಹಳೇ ಡೂ-ವಾಪ್, ಜಪಾನಿ ಪಾಪ್ ಅಲ್ಲ ಅಂತ. ನನ್ನ ಪ್ರಕಾರ ಇವರ ಇಡೀ ಕೆಲಸದ ಬೀಗದ ಕೈ ಇದೇ. ಬ್ಯಾಂಡ್ ಇಲ್ಲ. ಕೆಳಗಿನ ‘ಬೂಂ ಬೂಂ’ ಅನ್ನುವ ಬೇಸ್ ದನಿಯಿಂದ ಮೇಲೆ ನೂಲಿನ ಹಾಗೆ ಓಡುವ ಕಳ್ಳದನಿಯವರೆಗೆ ಎಲ್ಲ ಒಬ್ಬರೇ. ಇಯರ್‌ಫೋನ್ ಹಾಕಿ, ಒಂದೇ ಹಾಡನ್ನು ನಾಲ್ಕು ಸಲ ಕೇಳಿ. ಮೊದಲನೇ ಸಲ ಮುಖ್ಯ ದನಿ. ಎರಡನೇ ಸಲ ಅತೀ ಕೆಳಗಿನ ದನಿ ಮಾತ್ರ ಹಿಡಿದು ಕೊನೆಯವರೆಗೆ ಹೋಗಿ, ಬಿಡಬೇಡಿ. ಮೂರನೇ ಸಲ ಅತೀ ಮೇಲಿನದು. ನಾಲ್ಕನೇ ಸಲ ನಡುವೆ ಏನಿದೆ ಅಂತ ಹುಡುಕಿ, ಅದು ಕಷ್ಟ, ಏಕೆಂದರೆ ನಡುವಿನ ದನಿಗಳು ಒಂದರೊಳಗೊಂದು ಕರಗಿರುತ್ತವೆ, ಒಂದು ಕ್ಷಣ ಸಿಕ್ಕಿ ಮತ್ತೆ ಜಾರಿಹೋಗುತ್ತವೆ. ಆದರೆ ಒಮ್ಮೆ ಕಿವಿ ಅದಕ್ಕೆ ಪಳಗಿತು ಅಂದರೆ ಮತ್ತೆ ‘ರೈಡ್ ಆನ್ ಟೈಮ್’ಗೆ ಹೋದಾಗ ಮೊದಲು ಕೇಳಿಸದೇ ಇದ್ದ ಏನೇನೋ ಕೇಳಿಸುತ್ತದೆ. ಗೆದ್ದ ವರ್ಷವೇ ಆ ಗೆಲುವನ್ನು ಇಂಥದ್ದಕ್ಕೆ ಬಳಸಿಕೊಂಡರಲ್ಲ, ಮಾರಾಟ ಆಗುತ್ತೋ ಇಲ್ಲವೋ ಅಂತ ನೋಡದೆ ತಾನು ಪ್ರೀತಿಸಿದ್ದನ್ನು ಮಾಡಿದರಲ್ಲ, ಆ ಕಾರಣಕ್ಕೆ ಈ ಆಲ್ಬಂ ಮೇಲೆ ನನಗೆ ಗೌರವ ಜಾಸ್ತಿ. ಇದೇ ಸಾಲಿನಲ್ಲಿ 1986ರಲ್ಲಿ ಎರಡನೆಯದು, 1999ರಲ್ಲಿ ಮೂರನೆಯದು ಬಂತು.

ಈಗ ಹಿಂದಕ್ಕೆ ಹೋಗಿ

1972ರಲ್ಲಿ ಗೆಳೆಯರ ಜೊತೆ ಸೇರಿ ತಮ್ಮ ದುಡ್ಡಿನಲ್ಲಿ ಒಂದು ರೆಕಾರ್ಡ್ ಮಾಡಿದ್ದರು. 100 ಪ್ರತಿ, ಅಷ್ಟೇ. ಹೆಸರೇ ಬೀಚ್ ಬಾಯ್ಸ್ ಹಾಡಿನದು, ಒಂದು ಬದಿಯಲ್ಲಿ ಬೀಚ್ ಬಾಯ್ಸ್ ಹಾಡುಗಳೇ. ಟೋಕಿಯೊದ ಕೊಎಂಜಿಯ ಒಂದು ರಾಕ್ ಕೆಫೆಯಲ್ಲಿ ಆ ರೆಕಾರ್ಡ್ ಕೇಳಿಬಂದು, ಅದರ ಸುದ್ದಿ ಒತಾಕಿ ಎಯಿಚಿ ಎಂಬ ಸಂಗೀತಗಾರರವರೆಗೆ ಹೋಯಿತು. ಅಷ್ಟರಲ್ಲಿ 1973ರಲ್ಲಿ ಶುಗರ್ ಬೇಬ್ ಎಂಬ ತಂಡ ಕಟ್ಟಿದ್ದರು, ಒನುಕಿ ತಾಯೆಕೊ, ಮುರಾಮಾತ್ಸು ಕುನಿಯೊ ಜೊತೆಗೆ. 1975ರ ಏಪ್ರಿಲ್‌ನಲ್ಲಿ ಒತಾಕಿಯವರ ನಯಾಗರ ಲೇಬಲ್‌ನಲ್ಲಿ ‘ಸಾಂಗ್ಸ್’ ಬಂತು. ಆ ಲೇಬಲ್‌ನ ಮೊದಲ ಆಲ್ಬಂ ಅದು. ತಂಡದ ಒಂದೇ ಒಂದು ಆಲ್ಬಂ ಕೂಡ, ಏಕೆಂದರೆ 1976ರಲ್ಲಿ ತಂಡ ಒಡೆಯಿತು. ಮೇಜರ್ ಸೆವೆಂತ್ ಕಾರ್ಡ್‌ಗಳ, ನಯವಾದ ಕೋರಸ್‌ಗಳ ಈ ಸಂಗೀತಕ್ಕೆ ಆಗ ಕೇಳುಗರು ಕಮ್ಮಿ ಇದ್ದರು. ಇದನ್ನು ಕೊಳ್ಳುವುದಾದರೆ 2015ರಲ್ಲಿ ನಲವತ್ತನೇ ವರ್ಷಕ್ಕೆ ಬಂದ ಎರಡು ಸಿಡಿಗಳದ್ದು ತೆಗೆದುಕೊಳ್ಳಿ. ಹೊಸ ರೀಮಿಕ್ಸ್ ಅದರ ಜೊತೆಗಿದೆ.

ಅದೇ 1976ರ ಕೊನೆಗೆ ಮೊದಲ ಸೋಲೊ, ‘ಸರ್ಕಸ್ ಟೌನ್’. ಅರ್ಧ ನ್ಯೂಯಾರ್ಕಿನಲ್ಲಿ, ಅರ್ಧ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆಯಿತು. ನ್ಯೂಯಾರ್ಕಿನ ಭಾಗಕ್ಕೆ ಇದ್ದವರು ಚಾರ್ಲ್ಸ್ ಕಲೆಲ್ಲೊ, ಅಮೆರಿಕದ ಫೋರ್ ಸೀಸನ್ಸ್ ಎಂಬ ಗಾಯಕರ ತಂಡದ ಹಾಡುಗಳನ್ನು ಅರೇಂಜ್ ಮಾಡಿದವರು. ತಂಡ ಕಳೆದುಕೊಂಡ ಇಪ್ಪತ್ಮೂರರ ಹುಡುಗ, ತಾನು ಸಣ್ಣಂದಿನಿಂದ ಕೇಳುತ್ತಿದ್ದ ದನಿಗಳನ್ನು ಕಟ್ಟಿದವರ ಎದುರೇ ಹೋಗಿ ನಿಂತದ್ದು ಇದು. ಮರುವರ್ಷದ ‘ಸ್ಪೇಸಿ’ಗೆ ಟೋಕಿಯೊದ ಘಟಾನುಘಟಿಗಳೇ ಬಂದರು: ಡ್ರಮ್ಸ್‌ಗೆ ಮುರಾಕಾಮಿ ಪೊಂತಾ, ಬೇಸ್‌ಗೆ ಹೊಸೊನೊ ಹರುಒಮಿ, ಗಿಟಾರಿಗೆ ಮಾತ್ಸುಕಿ ತ್ಸುನೆಹಿದೆ, ಕೀಬೋರ್ಡಿಗೆ ಸಾತೊ ಹಿರೋಶಿ. ಇಷ್ಟಾದರೂ ಮಾರಾಟ ಏಳಲಿಲ್ಲ. 1978ರಲ್ಲಿ ಟೋಕಿಯೊದ ರೊಪ್ಪೊಂಗಿಯ ಪಿಟ್ ಇನ್ ಎಂಬ ಪುಟ್ಟ ಜಾಗದಲ್ಲಿ ರೆಕಾರ್ಡ್ ಮಾಡಿದ ಲೈವ್ ಆಲ್ಬಂ ಇದೆ, ಅದರಲ್ಲಿ ಕೀಬೋರ್ಡ್ ಮುಂದೆ ಕುಳಿತಿರುವುದು ಸಕಾಮೊತೊ ರ‍್ಯುಯಿಚಿ.

ಅದೇ ವರ್ಷ ಡಿಸೆಂಬರಿನಲ್ಲಿ ‘ಗೋ ಅಹೆಡ್!’. ಇದೇ ತನ್ನ ಕೊನೆಯ ಸೋಲೊ ಆಗಬಹುದು ಅಂದುಕೊಂಡೇ ಮಾಡಿದ್ದು. ಅದರಲ್ಲಿ ‘ಬಾಂಬರ್’ ಅಂತ ಒಂದು ಹಾಡಿದೆ. ಬೇಸ್ ತಂತಿಯನ್ನು ಹೆಬ್ಬೆರಳಿನಿಂದ ಹೊಡೆದು ಹೊಡೆದು ಕಟ್ಟಿದ ಗಟ್ಟಿ ಫಂಕ್. ಅದನ್ನು ಒಸಾಕಾದ ಡಿಸ್ಕೊಗಳು ಎತ್ತಿಕೊಂಡವು. ಜನ ಕುಣಿದರು, ಹಾಡು ಯಾರದು ಅಂತ ಕೇಳಿದರು, ಅಲ್ಲಿಂದ ದಾರಿ ತೆರೆಯಿತು. 1980ರ ಸಮುದ್ರದ ಹಾಡಿನ ಹಿಂದೆ ಒಸಾಕಾದ ಆ ಕತ್ತಲ ಡಿಸ್ಕೊ ಇದೆ. ಅದಕ್ಕೇ ಹೇಳಿದ್ದು, ಮುಂದಿನದು ಕೇಳಿ ಆಮೇಲೆ ಹಿಂದಿನದಕ್ಕೆ ಬನ್ನಿ ಅಂತ.

ಇದೇ ಆಲ್ಬಂನ ‘ಲೆಟ್ಸ್ ಡಾನ್ಸ್ ಬೇಬಿ’ಯಲ್ಲಿ ಬೆರಳನ್ನೇ ಪಿಸ್ತೂಲು ಮಾಡಿ ಎದೆಗೆ ಹೊಡೆಯುವ ಸಾಲೊಂದಿದೆ. ಕಾರ್ಯಕ್ರಮಗಳಲ್ಲಿ ಆ ಸಾಲು ಬಂದ ಕೂಡಲೇ ಕೇಳುಗರು ಕೈಯಲ್ಲಿರುವ ಪಾರ್ಟಿ ಪಟಾಕಿಗಳನ್ನು ಒಟ್ಟಿಗೆ ಹಾರಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಅಭಿಮಾನಿಗಳೇ ಮಾಡಿಕೊಂಡ ರೂಢಿ.

‘ಫಾರ್ ಯೂ’ ಹೇಗೆ ಕೇಳಬೇಕು

1982ರ ಜನವರಿಯಲ್ಲಿ ಬಂದ ‘ಫಾರ್ ಯೂ’ಗೆ ಮಾತ್ರ ಒಂದು ಸಂಜೆಯನ್ನು ಪೂರ್ತಿ ಇಟ್ಟುಕೊಳ್ಳಿ. ಸುಜುಕಿ ಎಯಿಜಿನ್ ಬರೆದ ಹೊದಿಕೆ ಚಿತ್ರ ನಿಮಗೆ ಎಲ್ಲೋ ನೋಡಿದ ಹಾಗೆ ಅನಿಸಬಹುದು. ಸಿಟಿ ಪಾಪ್ ಅಂದರೆ ಹೀಗೇ ಕಾಣಬೇಕು ಅಂತ ಈಗಿನವರು ಬರೆಯುವ ಚಿತ್ರಗಳಿಗೆಲ್ಲ ಇಂಥವೇ ಮಾದರಿ.

ಮೊದಲ ಹಾಡು ‘ಸ್ಪಾರ್ಕಲ್’. ಶುರುವಿನಲ್ಲಿ ಗಿಟಾರ್ ಒಂದೇ. ಯಮಾಶಿತಾ ಅವರದೇ ಕೈ, ಅವರ ಕಂದು ಬಣ್ಣದ ಟೆಲಿಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್. ಆ ಬಲಗೈಯನ್ನು ಕೇಳಿ. ತಂತಿ ಮೀಟಿ ಬಿಡುವುದಲ್ಲ, ಮೀಟಿದ ಕೂಡಲೇ ಎಡಗೈ ಸಡಿಲಿಸಿ ದನಿಯನ್ನು ಕತ್ತರಿಸುತ್ತಾರೆ, ಹಾಗಾಗಿ ಸ್ವರ ಎಷ್ಟಿದೆಯೋ ಮೌನವೂ ಅಷ್ಟೇ ಚೊಕ್ಕವಾಗಿ ಕೇಳುತ್ತದೆ. ಗಿಟಾರ್ ಬಾರಿಸುವವರು ಇದಕ್ಕೆ ಕಟಿಂಗ್ ಅನ್ನುತ್ತಾರೆ. ಯಮಾಶಿತಾ ಚಿಕ್ಕಂದಿನಲ್ಲಿ ಶಾಲೆಯ ಬ್ರಾಸ್ ಬ್ಯಾಂಡಿನಲ್ಲಿ ತಾಳವಾದ್ಯ ಬಾರಿಸಿದವರು, ಗಿಟಾರನ್ನೂ ತಾಳವಾದ್ಯದ ಹಾಗೇ ಹಿಡಿಯುತ್ತಾರೆ. ಆಮೇಲೆ ಡ್ರಮ್ಸ್, ಬೇಸ್ ಬಂದು ಕೂಡಿಕೊಳ್ಳುತ್ತವೆ, ಇತ್ತ ಹಿತ್ತಾಳೆ ವಾದ್ಯಗಳು ಬಾಯಿ ತೆರೆಯುತ್ತವೆ, ಆಗ ಮನೆಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದ ಹಾಗಾಗುತ್ತದೆ. ಆದರೆ ಗಿಟಾರ್ ಅಲ್ಲೇ ಇರುತ್ತದೆ. ಹಾಡು ಮುಗಿಯುವವರೆಗೂ ಆ ಒಂದು ಗಿಟಾರನ್ನೇ ಬಿಡದೆ ಹಿಡಿದುಕೊಳ್ಳೋಕೆ ಪ್ರಯತ್ನ ಮಾಡಿ. ನನಗೆ ಮೂರನೇ ದಿನ ಸಾಧ್ಯವಾಯಿತು, ಆವತ್ತು ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ.

ಈ ಹಾಡಿನ ಸಾಹಿತ್ಯ ಯೋಶಿದಾ ಮಿನಾಕೊ ಅವರದು. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ‘ಸ್ಪೇಸಿ’ಯಿಂದ ‘ಫಾರ್ ಯೂ’ವರೆಗೆ ಇವರ ಹಾಡುಗಳಿಗೆ ಮಾತು ಕೊಟ್ಟವರು ಹೆಚ್ಚಾಗಿ ಅವರೇ. ಸ್ವತಃ ಅದ್ಭುತ ಸೋಲ್ ಗಾಯಕಿ. ಯಮಾಶಿತಾ ಕೇಳಿ ಮುಗಿದ ಮೇಲೆ ಮುಂದಕ್ಕೆ ಯಾರು ಅಂದರೆ ನನ್ನ ಉತ್ತರ ಅವರು.

ಜಪಾನಿ ಬರದಿದ್ದರೆ ಏನು ಮಾಡೋದು ಅಂತ ಕೇಳುವವರಿಗೆ: ಮೊದಲು ಅರ್ಥ ಹುಡುಕಬೇಡಿ. ಹತ್ತು ಸಲ ಕೇಳಿ, ಬಾಯಿಗೆ ಬಂದದ್ದು ಗುನುಗಿ, ಆಮೇಲೆ ಅನುವಾದ ಓದಿ. ಜಪಾನಿಯಲ್ಲಿ ಪ್ರತಿ ಅಕ್ಷರವೂ ಬಹುಪಾಲು ಸ್ವರದಲ್ಲಿ ಮುಗಿಯುತ್ತದೆ, ನಮ್ಮ ಕನ್ನಡದ ಪದಗಳೂ ಹಾಗೇ ಸ್ವರದಲ್ಲೇ ನಿಲ್ಲುತ್ತವೆ ಅಲ್ವಾ. ಅದಕ್ಕೋ ಏನೋ ನಮ್ಮ ನಾಲಿಗೆಗೆ ಇವು ಬೇಗ ಕೂರುತ್ತವೆ.

ಕ್ರಿಸ್‌ಮಸ್ ಹಾಡಿನ ಕಥೆ

‘ಫಾರ್ ಯೂ’ ಆದ ಮೇಲೆ ಲೇಬಲ್ ಬದಲಾಯಿತು. ಮೂನ್ ಎಂಬ ಹೊಸ ಲೇಬಲ್‌ಗೆ ಬಂದು 1983ರ ಜೂನ್‌ನಲ್ಲಿ ‘ಮೆಲೊಡೀಸ್’ ತಂದರು. ಇಲ್ಲಿಂದ ಸಾಹಿತ್ಯವನ್ನೂ ಬಹುಪಾಲು ತಾವೇ ಬರೆಯತೊಡಗಿದರು. ಬೇಸಿಗೆಯ ಬಿಸಿಲು ಕಡಿಮೆಯಾಗಿ ಒಳಗಿನ ಮಾತು ಜಾಸ್ತಿಯಾಯಿತು. ಆ ಆಲ್ಬಂನ ಕೊನೆಯ ಹಾಡು ‘ಕ್ರಿಸ್‌ಮಸ್ ಈವ್’. ನಡುರಾತ್ರಿಯ ಹೊತ್ತಿಗೆ ಮಳೆ ಹಿಮವಾಗಬಹುದು, ಆದರೆ ಬರಬೇಕಾದವರು ಬರುವುದಿಲ್ಲ, ಇಷ್ಟೇ ವಿಷಯ. ಆ ವರ್ಷ ಸಿಂಗಲ್ ಆಗಿ ಬಂದಾಗ 44ನೇ ಸ್ಥಾನಕ್ಕೆ ನಿಂತಿತು.

ಆಮೇಲೆ ಐದು ವರ್ಷ ಕಳೆದು 1988ರಲ್ಲಿ ಜೆಆರ್ ತೋಕಾಯ್ ರೈಲಿನವರು ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನ ಜಾಹೀರಾತಿಗೆ ಇದನ್ನು ಬಳಸಿದರು. 1989ರ ಜಾಹೀರಾತು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಉಡುಗೊರೆ ಹಿಡಿದ ಹುಡುಗಿ ನಿಲ್ದಾಣದ ಜನರ ನಡುವೆ ಓಡುತ್ತಾಳೆ, ಬರುವವನನ್ನು ಕಂಡು ಕಂಬದ ಹಿಂದೆ ಅವಿತು ನಿಲ್ಲುತ್ತಾಳೆ. ಒಂದು ನಿಮಿಷದ ಜಾಹೀರಾತು, ಹಾಡಿನಲ್ಲಿ ಬಾರದೇ ಹೋದವರು ಅಲ್ಲಿ ಬರುತ್ತಾರೆ. ಆ ಡಿಸೆಂಬರಿನಲ್ಲಿ ಹಾಡು 1ನೇ ಸ್ಥಾನಕ್ಕೆ ಏರಿತು, ಹೊರಬಂದು ಆರು ವರ್ಷದ ಮೇಲೆ. ಅಲ್ಲಿಗೂ ನಿಲ್ಲಲಿಲ್ಲ. ಪ್ರತಿ ವರ್ಷ ಚಳಿಗಾಲದಲ್ಲಿ ಪಟ್ಟಿಗೆ ಮರಳಿ ಬಂದು ಬಂದು, ಸತತ 30 ವರ್ಷ ಮೊದಲ ನೂರರೊಳಗೆ ಕಾಣಿಸಿಕೊಂಡದ್ದಕ್ಕೆ 2016ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿತು.

ಕೇಳುವಾಗ ಕಾಯಬೇಕಾದ ಜಾಗ ನಡುವಿನದು. ಎರಡು ಚರಣ ಮುಗಿದ ಮೇಲೆ ವಾದ್ಯಗಳು ಸರಿದು ದನಿಗಳು ಮಾತ್ರ ಉಳಿಯುತ್ತವೆ, ಆ ದನಿಗಳು ಹಳೇ ಕಾಲದ ಜರ್ಮನ್ ಸಂಗೀತಗಾರ ಪಾಕೆಲ್‌ಬೆಲ್‌ನ ಕ್ಯಾನನ್ ಎಂಬ ಕೃತಿಯನ್ನು ಹಾಡುತ್ತವೆ. ಒಂದು ದನಿ ಹೊರಡುತ್ತದೆ, ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ಎಲ್ಲ ಇವರದೇ. ‘ಆನ್ ದ ಸ್ಟ್ರೀಟ್ ಕಾರ್ನರ್’ ಮೊದಲೇ ಕೇಳಿ ಅಂದದ್ದು ಈ ಕೆಲವು ಸೆಕೆಂಡಿಗೋಸ್ಕರ. ಒಬ್ಬಂಟಿಯಾಗಿ ಕಾಯುವವನ ಹಾಡು ಇದು, ಅದರ ನಡುವೆ ಕೇಳುವ ಗುಂಪಿನ ದನಿಯೂ ಅವನೊಬ್ಬನದೇ. ಇದು ನನಗೆ ಹೊಳೆದ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಮಧ್ಯದ ಕಷ್ಟದ ವರ್ಷಗಳು

1986ರ ‘ಪಾಕೆಟ್ ಮ್ಯೂಸಿಕ್’ ಹಾಕಿದಾಗ ಏನೋ ಬದಲಾಗಿದೆ ಅನಿಸುತ್ತದೆ. ಸ್ಟುಡಿಯೊಗಳು ಟೇಪಿನಿಂದ ಡಿಜಿಟಲ್‌ಗೆ ಹೊರಳುತ್ತಿದ್ದ ಕಾಲ, ಕಂಪ್ಯೂಟರ್ ಬಂದಿತ್ತು. ಮೊದಲಿನಂತೆ ಬ್ಯಾಂಡ್ ಕೂರಿಸಿ ಬಾರಿಸಿದರೆ ಸಾಲದು, ಹೊಸ ಯಂತ್ರದಲ್ಲಿ ದನಿ ಹೇಗೆ ಕೂರುತ್ತದೆ ಅಂತ ಮೊದಲಿಂದ ಕಲಿಯಬೇಕಾಯಿತು. ಆ ಆಲ್ಬಂನ ಧ್ವನಿ ಅವರಿಗೆ ತೃಪ್ತಿ ಕೊಡಲಿಲ್ಲ. 1991ರಲ್ಲಿ ಮತ್ತೆ ರೀಮಿಕ್ಸ್ ಮಾಡಿ ಹೊರತಂದರು. ಗೆದ್ದ ಮನುಷ್ಯ ಐದು ವರ್ಷದ ಹಿಂದಿನ ಕೆಲಸವನ್ನು ತೆಗೆದು ಮತ್ತೆ ಉಜ್ಜುವುದು ಅಂದರೆ ಸುಮ್ನೆ ಅಲ್ಲ. ಹೊಸಬರಿಗೆ ಇದು ಆರನೆಯದೋ ಏಳನೆಯದೋ ಆಗಲಿ, ಮೊದಲನೆಯದು ಬೇಡ.

ಆ 1991ರಲ್ಲೇ ಬಂದ ಹೊಸ ಆಲ್ಬಂಗೆ ‘ಆರ್ಟಿಸನ್’ ಅಂತ ಹೆಸರಿಟ್ಟರು. ಕುಶಲಕರ್ಮಿ ಅಂತ ಅರ್ಥ. ಮರಗೆಲಸದವರ ಹಾಗೆ, ಕುಂಬಾರರ ಹಾಗೆ ಕೈಕೆಲಸದವನು ತಾನು ಅನ್ನುವ ಮಾತು. ಮೊದಲ ಹಾಡು ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಕಾಮಿಕ್ಸ್ ದಿಗ್ಗಜ ತೆಜುಕಾ ಒಸಾಮು ಅವರ ನೆನಪಿಗೆ. ಬಡಿಯುವ ಡ್ರಮ್ಸ್‌ನ ಸಂಭ್ರಮದ ಹಾಡು, ಆದರೆ ಒಳಗೆ ಒಬ್ಬ ಓದುಗ ಹುಡುಗನ ಕೃತಜ್ಞತೆ ಇದೆ.

ಅಲ್ಲಿಂದ ಮುಂದೆ ಆಲ್ಬಂಗಳು ನಿಧಾನ. ‘ಕೋಜಿ’ 1998, ‘ಸೊನೊರಿತೆ’ 2005, ‘ರೇ ಆಫ್ ಹೋಪ್’ 2011, ‘ಸಾಫ್ಟ್ಲಿ’ 2022. ನಡುವೆ ಬೇರೆಯವರಿಗೆ ರಾಗ ಹಾಕಿದರು. 1997ರಲ್ಲಿ ಕಿಂಕಿ ಕಿಡ್ಸ್ ಎಂಬ ಹುಡುಗರ ಜೋಡಿ ಮೊದಲ ಸಿಂಗಲ್‌ನಿಂದಲೇ ಜಪಾನಿನ ಮನೆಮಾತಾಯಿತು, ಅದರ ರಾಗ ಇವರದು. 1992ರಿಂದ ಟೋಕಿಯೊ ಎಫ್‌ಎಂನಲ್ಲಿ ವಾರಕ್ಕೊಂದು ರೇಡಿಯೊ ಕಾರ್ಯಕ್ರಮವನ್ನೂ ನಡೆಸಿಕೊಂಡು ಬಂದಿದ್ದಾರೆ, ಮೊದಲು ಶನಿವಾರ ಬರುತ್ತಿತ್ತು, ಆಮೇಲೆ ಭಾನುವಾರವಾಯಿತು. ತಮ್ಮದೇ ಸಂಗ್ರಹದ ಹಳೇ ಸೋಲ್, ಡೂ-ವಾಪ್ ರೆಕಾರ್ಡ್‌ಗಳನ್ನು ತಂದು ಕೇಳಿಸುತ್ತಾರೆ. ಇಷ್ಟು ದೊಡ್ಡ ಹೆಸರಾದರೂ ಡೋಮ್‌ಗಳಲ್ಲಿ, ಅಂದರೆ ಸೂರಿರುವ ದೊಡ್ಡ ಕ್ರೀಡಾಂಗಣಗಳಲ್ಲಿ, ಕಾರ್ಯಕ್ರಮ ಬೇಡ, ದನಿ ಸರಿಯಾಗಿ ಕೇಳುವ ಹಾಲ್‌ಗಳೇ ಸಾಕು ಅನ್ನುವ ಹಠ ಇವರದು. ಮೈಕ್ ಬಿಟ್ಟು ಬರಿಗಂಟಲಿನಲ್ಲಿ ಹಾಲ್‌ನ ಕೊನೆಯವರೆಗೆ ಹಾಡಿ ತೋರಿಸುತ್ತಾರೆ.

‘ರೇ ಆಫ್ ಹೋಪ್’ ಬಗ್ಗೆ ಒಂದು ಮಾತು. ಭರವಸೆ ಎಂಬ ಹೆಸರಿನ ಬೆಳಕು ಅನ್ನುವ ಅರ್ಥದ ಹಾಡೊಂದು 2010ರಲ್ಲೇ ಬಂದಿತ್ತು. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ ಆಯಿತು. ಆಗ ಜನ ಆ ಹಾಡನ್ನು ತಮ್ಮದು ಮಾಡಿಕೊಂಡರು. ಆಗಸ್ಟ್‌ನಲ್ಲಿ ಬಂದ ಆಲ್ಬಂಗೆ ಅದೇ ಹೆಸರಾಯಿತು. ಇದನ್ನು ತಿಳಿದು ಕೇಳಿದರೆ ಬೇರೆಯೇ.

ಕೊಳ್ಳುವುದು ಹೇಗೆ

ಒಂದೇ ಸಲ ಎಲ್ಲ ಬೇಡ. ದುಡ್ಡು ನೋಡಿಕೊಂಡು ಹೋಗುವವರಿಗೆ 2012ರಲ್ಲಿ ಬಂದ ‘ಓಪಸ್’ ಸಂಗ್ರಹ ಸಾಕು. ಶುಗರ್ ಬೇಬ್ ಕಾಲದಿಂದ 2012ರವರೆಗಿನ ಆಯ್ದ ಹಾಡುಗಳು ಮೂರು ಸಿಡಿಗಳಲ್ಲಿವೆ. ಅದು ಹಿಡಿಸಿದರೆ ‘ಫಾರ್ ಯೂ’, ಆಮೇಲೆ ‘ಮೆಲೊಡೀಸ್’. 1976ರಿಂದ 1982ರವರೆಗಿನ ಆಲ್ಬಂಗಳ ಸಿಡಿಗಳಲ್ಲಿ 2002ರ ರೀಮಾಸ್ಟರ್ ಸುಲಭವಾಗಿ ಸಿಗುತ್ತದೆ, ಹಳೇ ಸಿಡಿ ಅಂಗಡಿಗಳಲ್ಲಿ ಬೆಲೆಯೂ ಹಗುರ. ಎಲ್‌ಪಿ ಬೇಕೆನ್ನುವವರು 80ರ ದಶಕದ ಪ್ರತಿಗಳ ಬೆಲೆ ನೋಡಿ ಎದೆಗುಂದಬೇಡಿ, 2023ರಲ್ಲಿ ‘ಸರ್ಕಸ್ ಟೌನ್’ನಿಂದ ‘ಫಾರ್ ಯೂ’ವರೆಗಿನ ಕಾಲದ ಆಲ್ಬಂಗಳನ್ನು ಎಲ್‌ಪಿ ಮತ್ತು ಕ್ಯಾಸೆಟ್ ಆಗಿ ಮತ್ತೆ ತಂದಿದ್ದಾರೆ.

ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಅವರ ಹೆಸರು ಜಪಾನಿಯಲ್ಲಿ ನಾಲ್ಕೇ ಅಕ್ಷರ, ಮೊದಲೆರಡು ಬೆಟ್ಟ ಮತ್ತು ಕೆಳಗೆ. ಎಲ್ಲಿಂದಾದರೂ ಕಾಪಿ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ, ಜಪಾನಿನ ಮಾರಾಟ ತಾಣಗಳಲ್ಲಿ ಅದನ್ನೇ ಅಂಟಿಸಿ. ಹಳೆಯದು ಕೊಳ್ಳುವಾಗ ‘ಓಬಿ’ ಇದೆಯಾ ನೋಡಿ, ಅಂದರೆ ಹೊದಿಕೆಗೆ ಸುತ್ತಿದ ಕಾಗದದ ಪಟ್ಟಿ. ಕೇಳೋಕಷ್ಟೇ ಆದರೆ ಅದು ಇಲ್ಲದ್ದೇ ತೆಗೆದುಕೊಳ್ಳಿ, ಕಡಿಮೆಗೆ ಬರುತ್ತದೆ. ನಾನು ತರಿಸಿದ ಮೊದಲ ಎಲ್‌ಪಿಯ ಮೂಲೆ ದಾರಿಯಲ್ಲಿ ಮುರಿದು ಬಂತು, ಅದರ ಮೇಲೆ ಲೆಕ್ಕ ಹಾಕಿರದ ಕಸ್ಟಮ್ಸ್ ಸುಂಕ ಬೇರೆ ಕಟ್ಟಬೇಕಾಯಿತು. ಆಮೇಲೆ ಬುದ್ಧಿ ಬಂತು. ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಿ ಅಂತ ಮೊದಲೇ ಬರೆದು ಕೇಳಿ, ಬೆಲೆಯ ಜೊತೆ ಸುಂಕವನ್ನೂ ಅಂಚೆ ಖರ್ಚನ್ನೂ ಸೇರಿಸಿ ಲೆಕ್ಕ ಮಾಡಿ. ಟೋಕಿಯೊ ಕಡೆ ಕೆಲಸದ ಮೇಲೆ ಹೋಗಿ ಬರುವ ಗೆಳೆಯರಿದ್ದರೆ ಅದಕ್ಕಿಂತ ಒಳ್ಳೇದು ಇಲ್ಲ. ಸಿಡಿ ತೂಕ ಎಷ್ಟಿರುತ್ತದೆ ಹೇಳಿ, ಬಟ್ಟೆಗಳ ನಡುವೆ ಇಟ್ಟುಕೊಂಡು ತಂದುಕೊಡುತ್ತಾರೆ. ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ ಅನ್ನುವವರು ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ಡ್ರೈವ್ ಒಂದು ಕೊಂಡರೆ ಕೆಲಸ ಆಗುತ್ತದೆ.

ಕೊನೆಗೆ ‘ಸಾಫ್ಟ್ಲಿ’. ಹೊದಿಕೆಯ ಮೇಲೆ ಕಾಮಿಕ್ಸ್ ಕಲಾವಿದೆ ಯಾಮಾಜಾಕಿ ಮಾರಿ ಬರೆದ ಯಮಾಶಿತಾ ಅವರ ಮುಖ. ಉದ್ದ ಕೂದಲು, ಸುಕ್ಕು, ನೇರ ನೋಟ. ಇದು ಹೊರಬಂದಾಗ ಅವರ ವಯಸ್ಸು 69. ಇದನ್ನು ಎಲ್ಲ ಕೇಳಿ ಆದ ಮೇಲೆ ಕೇಳಿ, ಹಾಕುವ ಮುಂಚೆ ಶುಗರ್ ಬೇಬ್‌ನ ‘ಸಾಂಗ್ಸ್’ನಿಂದ ಒಂದು ಹಾಡು ಹಾಕಿಕೊಳ್ಳಿ. ನಲವತ್ತೇಳು ವರ್ಷದ ಅಂತರ. ಮುಂದಿನ ದನಿ ಸ್ವಲ್ಪ ದಪ್ಪವಾಗಿದೆ, ಅಂಚು ಒರಟಾಗಿದೆ. ಆಮೇಲೆ ಹಿಂದಿನ ಕೋರಸ್ ಬರುತ್ತದೆ, ಅದನ್ನು ಹೇಗೆ ಕೇಳಬೇಕು ಅಂತ ಅಷ್ಟರಲ್ಲಿ ನಿಮಗೆ ಗೊತ್ತಾಗಿರುತ್ತದೆ.